ಪುಟ್ಟಿ ತೋರಿಸಿದ ಕಾರನ್ನು ಮೊದಲು ನೋಡು

ಕಲಬುರಗಿ

ಚಿರಂಜೀವಿ ಅಳಿಯನಿಗೆ ಮಾಮಾನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿಮ್ಮತ್ತೆಯ ಮೊಣಕಾಲು ನೋವು ಇದ್ದದ್ದೇ, ಅದರ ಸುದ್ದಿ ಅವಳೇ ಹೇಳಿರುತ್ತಾಳೆ. ದಿನಾ ಫೋನ್ ಮಾಡುವ ಮಾಮಾ ಕಾಗದ ಯಾಕೆ ಬರೆದ ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ಅದಕ್ಕೇ ಕಾಗದ.

ವಿಷಯ ನಿನ್ನ ಮಗಳು ಪುಟ್ಟಿಯದು. ದೀಪಾವಳಿಗೆ ಬಂದಾಗ ಅವಳು ಮೊಬೈಲ್ ಹಿಡಿದುಕೊಂಡು ನಿನ್ನ ಹತ್ತಿರ ಓಡಿ ಬಂದಳು, ಆ ಎಂಜಿ ಸೈಬರ್‌ಸ್ಟರ್ ತೋರಿಸೋಕೆ. ಎರಡೇ ಸೀಟು, ಮೇಲಕ್ಕೆ ಏಳುವ ಬಾಗಿಲು, ಕರೆಂಟಿನ ಕಾರು. ನೀನು ತಾಟಿನಿಂದ ತಲೆ ಎತ್ತದೆ, "ಅದು ಕಾರಲ್ಲ ಪುಟ್ಟಿ, ಮಿಕ್ಸರ್. ಸೌಂಡೇ ಇಲ್ಲ" ಅಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಮೊಬೈಲ್ ತೆಗೆದಿಟ್ಟಳು. ಹಬ್ಬ ಮುಗಿಯೋವರೆಗೆ ಕಾರಿನ ಮಾತು ಎತ್ತಲಿಲ್ಲ. ನೀನು ಗಮನಿಸಿದೆಯೋ ಇಲ್ಲವೋ ಗೊತ್ತಿಲ್ಲ.

ರಾತ್ರಿ ನೀನೇ ನನ್ನ ಹತ್ತಿರ ಬಂದು ಕೂತು, "ಮಾಮಾ, ಪುಟ್ಟಿಗೆ ಹಳೇ ಕಾರುಗಳ ಹುಚ್ಚು ಹಿಡಿಸಬೇಕು, ನಮ್ಮ ಹೆರಾಲ್ಡ್ ಕಾರು ಓಡಿಸೋಕೆ ಕಲಿಸಬೇಕು, ಹೇಗೆ?" ಅಂತ ಕೇಳಿದೆ. ಅವತ್ತು ನಿದ್ದೆಗಣ್ಣಲ್ಲಿ ಏನೋ ಹೇಳಿ ಕಳಿಸಿದೆ. ಈಗ ಸರಿಯಾಗಿ ಹೇಳುತ್ತೇನೆ. ಅವಳಿಗೆ ನಿನ್ನ ಕಾರು ಸೇರಬೇಕು ಅಂತಿದ್ದರೆ, ಮೊದಲು ಅವಳ ಕಾರು ನೋಡು. ಸುಮ್ನೆ ನೋಡೋದಲ್ಲ, ಕೇಳಿ ತಿಳಿದುಕೋ.

ನೀನು ಹ್ಯುಂಡೈ ಐ20 ಎನ್ ಲೈನ್ ಕಾರು ತಂದ ದಿನ ನೆನಪಿದೆಯಾ? ನಿಮ್ಮಪ್ಪ ಬಾನೆಟ್ ಎತ್ತಿಸಿ, "ಮೂರೇ ಸಿಲಿಂಡರಾ? ಇದು ಆಟೋದ ಎಂಜಿನ್ ಅಲ್ಲೇನೋ" ಅಂದರು. 998 ಸಿಸಿಯಲ್ಲೇ 120 ಪಿಎಸ್ ಶಕ್ತಿ ಬರುತ್ತೆ, ಟರ್ಬೋ ಇದೆ ಅಂತ ನೀನು ಹೇಳ್ತಾನೇ ಇದ್ದೆ. ಅವರು ಆಗಲೇ ಒಳಗೆ ಹೋಗಿ ಪೇಪರ್ ಹಿಡಿದಿದ್ದರು. ಅಂಬಾಸಡರ್ ಆದಮೇಲೆ ಅವರ ಪಾಲಿಗೆ ಕಾರುಗಳು ಬರೋದು ನಿಂತಿದೆ. ನೀನು ಅದಾದಮೇಲೆ ಅವರನ್ನು ಆ ಗಾಡಿಯಲ್ಲಿ ಕೂಡಿಸಿಕೊಂಡು ಎಲ್ಲಿಗಾದರೂ ಖುಷಿಯಿಂದ ಹೋಗಿದ್ದೀಯಾ? ಇಲ್ಲ, ಅಲ್ವಾ? ದವಾಖಾನೆಗೆ ಕರೆದುಕೊಂಡು ಹೋಗಿರಬಹುದು. ಅದು ಬೇರೆ.

ಈಗ ನಮ್ಮಪ್ಪನ, ಅಂದರೆ ನಿನ್ನ ಮುತ್ಯಾನ ಸುದ್ದಿ ಹೇಳುತ್ತೇನೆ. ನೀನು ಹುಟ್ಟೋದರೊಳಗೆ ಅವನು ಹೋಗಿದ್ದ. ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯೋನು. ಅಂಥವನಿಗೆ ಕಾರು ಎಲ್ಲಿಂದ ಬಂತು ಅಂದರೆ, ಮಿಲ್ ಮಾಲೀಕರು ಹೊಸ ಗಾಡಿ ತೊಗೊಂಡಾಗ ಹಳೇ ಹೆರಾಲ್ಡನ್ನು ಸಂಬಳದಲ್ಲಿ ಮುರಿದುಕೊಳ್ಳುವ ಕರಾರಿನ ಮೇಲೆ ಇವನಿಗೆ ಕೊಟ್ಟರು. ಮನೆಯಲ್ಲಿ ನಮ್ಮವ್ವ ಬಹಳ ದಿನ ಸಿಟ್ಟಿನಲ್ಲಿದ್ದಳು. ತೊಗರಿ ತಿಂದು ಬದುಕೋ ಮನೆಗೆ ಕಾರು ಯಾಕೆ ಅಂತ ಅವಳ ಪ್ರಶ್ನೆ. ಸರಿಯಾದ ಪ್ರಶ್ನೆಯೇ.

ಹೆರಾಲ್ಡ್ ಸ್ಪೋರ್ಟ್ಸ್ ಕಾರಲ್ಲ. ಇಂಗ್ಲೆಂಡಿನ ಟ್ರಯಂಫ್ ಕಂಪನಿಯವರು ಮನೆಮಂದಿಗೆ ಅಂತ ಮಾಡಿದ ಕಾರು. ಅದರ ಆಕಾರ ಬರೆದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಅನ್ನೋ ಹೆಸರಿನಲ್ಲಿ ಇಲ್ಲೇ ತಯಾರಾಗೋಕೆ ಶುರುವಾಯಿತು. ಆದರೆ 1962ರಲ್ಲಿ ಟ್ರಯಂಫ್‌ನವರು ಇದೇ ಹೆರಾಲ್ಡಿನ ಚಾಸಿಯನ್ನು, ಅಂದರೆ ಕೆಳಗಿನ ಚೌಕಟ್ಟನ್ನು, ಗಿಡ್ಡ ಮಾಡಿ, ಮೇಲೆ ಎರಡು ಸೀಟಿನ ಮೈ ಕೂಡಿಸಿ, ಸ್ಪಿಟ್‌ಫೈರ್ ಅಂತ ಸ್ಪೋರ್ಟ್ಸ್ ಕಾರು ಮಾಡಿದರು. ಅದನ್ನು ಬರೆದವನೂ ಮಿಕೆಲೊಟ್ಟಿಯೇ. ಹೀಗಾಗಿ ಯಾರು ಕೇಳಿದರೂ ನಮ್ಮಪ್ಪ, "ಇದು ಸ್ಪಿಟ್‌ಫೈರ್‌ನ ಅಣ್ಣ" ಅನ್ನುತ್ತಿದ್ದ. ಸೂಪರ್ ಮಾರ್ಕೆಟ್‌ನಲ್ಲಿ ಬಾಳೆಹಣ್ಣು ಮಾರುವವನಿಗೂ ಹೇಳಿದ್ದ. ಸ್ಪಿಟ್‌ಫೈರನ್ನು ಅವನು ಕಣ್ಣಿಂದ ನೋಡಿರಲಿಲ್ಲ. ನಾನೂ ಇವತ್ತಿನವರೆಗೆ ನೋಡಿಲ್ಲ.

ನೋಡದ ಕಾರಿನ ಹುಚ್ಚು ನಮ್ಮ ಮನೆತನದಲ್ಲಿ ಹಾಗೆ ಬಂದದ್ದು. ಅವನ ಕಾಲದಲ್ಲಿ ಹೊರದೇಶದ ಕಾರು ತರಿಸೋದು ಸಾಧ್ಯವೇ ಇರಲಿಲ್ಲ ಅನ್ನಬೇಕು. ರದ್ದಿ ಅಂಗಡಿಯಿಂದ ಇಂಗ್ಲಿಷ್ ಪತ್ರಿಕೆ ತಂದು ಚಿತ್ರ ಕತ್ತರಿಸಿ ಲೆಕ್ಕದ ಪುಸ್ತಕದಲ್ಲಿ ಅಂಟಿಸುತ್ತಿದ್ದ. 1961ರ ಜಾಗ್ವಾರ್ ಇ-ಟೈಪ್, 1963ರ ಪೋರ್ಷೆ 911. ಒಂದು ಪುಟದಲ್ಲಿ ತೊಗರಿಯ ದರ, ಎದುರಿನ ಪುಟದಲ್ಲಿ ಫೆರಾರಿ. ಆಮೇಲೆ ನೀನು ಟಿವಿಯಲ್ಲಿ ನೋಡಿದೆ. ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದಾಗ ರಜೆಗೆ ಬಂದವನು ಇಲ್ಲೇ ಕೂತು ನನಗೆ ಪಿಟ್ ಸ್ಟಾಪ್ ಅಂದರೇನು, ಮೆತ್ತಗಿನ ಟೈರು ಯಾಕೆ ಬೇಗ ಸವೆಯುತ್ತೆ ಅಂತ ಪಾಠ ಮಾಡಿದೆ. ನಾನು ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ಎಂಜಿನ್ ಪಾಠ ಹೇಳೋ ಮೇಷ್ಟ್ರು. ಆದರೂ ನಿನ್ನ ಮುಂದೆ ಕೂತು ಕೇಳಿದೆ. ಮಜಾ ಬಂತು. ಈಗ ಪುಟ್ಟಿ ಮೊಬೈಲ್‌ನಲ್ಲಿ ನೋಡುತ್ತಾಳೆ. ಮೂವರೂ ನೋಡಿದ್ದು ಚಿತ್ರವನ್ನೇ.

ನಮ್ಮಪ್ಪನ ಇನ್ನೊಂದು ಮಾತು ಹೇಳಲೇಬೇಕು. 1983ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಮಾರುತಿ 800 ಬಂತು. ನಮ್ಮೂರಿಗೆ ಬರೋಕೆ ಇನ್ನೂ ಸಮಯ ಹಿಡೀತು. ಬಂದಾಗ ಜಗತ್ ಸರ್ಕಲ್‌ನಲ್ಲಿ ಚಹಾ ಕುಡಿಯೋ ಹಿರಿಯರೆಲ್ಲ ಅದನ್ನು ಡಬ್ಬಿ ಅಂದರು. ನನಗೆ ಅದು ಬಹಳ ಸೇರಿತು. ಗೆಳೆಯನೊಬ್ಬ ತಂದ ಗಾಡಿಯನ್ನು ಒಂದು ಸಂಜೆ ಮನೆ ಮುಂದೆ ತಂದು ನಿಲ್ಲಿಸಿದೆ. ನಮ್ಮಪ್ಪ ಡಬ್ಬಿ ಅನ್ನಲಿಲ್ಲ. ಗೋಣಿಚೀಲ ಹಾಸಿಕೊಂಡು, ಧೋತರ ಮೇಲೆ ಕಟ್ಟಿ, ಗಾಡಿ ಕೆಳಗೆ ಹೋದ. ಒಳಗಿಂದಲೇ ಕೇಳಿದ: "ಎಂಜಿನ್ ಅಡ್ಡ ಕುಂದರ್ಸ್ಯಾರಲ್ಲೋ. ಗೇರ್ ಬಾಕ್ಸ್ ಎಲ್ಲದ? ನೀ ಓದಿದಾಂವ, ಹೇಳು."

ನಾನು ಹೇಳಿದೆ. ಮುಂದಿನ ಚಕ್ರಕ್ಕೇ ಶಕ್ತಿ ಹೋಗುತ್ತೆ, ಉದ್ದದ ಶಾಫ್ಟ್ ಬೇಕಿಲ್ಲ, ಒಳಗೆ ಜಾಗ ಉಳಿಯುತ್ತೆ. 796 ಸಿಸಿ, ಮೂರೇ ಸಿಲಿಂಡರು (ನಿಮ್ಮಪ್ಪನಿಗೆ ಇದನ್ನು ಯಾವತ್ತಾದರೂ ಹೇಳು). ಅಪ್ಪ ಹೊರಗೆ ಬಂದು ಕೈ ಒರೆಸಿಕೊಂಡು, "ಹಂಗಾರ ಮಿಯೂರಾದಾಗೂ ಹಿಂಗೇ ಅದ" ಅಂದ. ಒಳಗೆ ಹೋಗಿ ಲೆಕ್ಕದ ಪುಸ್ತಕ ತಂದ. 1966ರ ಲ್ಯಾಂಬೋರ್ಗಿನಿ ಮಿಯೂರಾ. ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಸೀಟಿನ ಹಿಂದೆ ಅಡ್ಡ ಕೂಡಿಸಿದ ಕಾರು. ಆವತ್ತಿನವರೆಗೆ ಆ ಪುಸ್ತಕ ನನಗೆ ಮುದುಕನ ಹುಚ್ಚು ಅನ್ನಿಸಿತ್ತು. ಅವತ್ತು ರಾತ್ರಿ ಪೂರ್ತಿ ತಿರುವಿ ಹಾಕಿದೆ. ಅವನು ನಾನು ತಂದ ಮಾರುತಿಯ ಕೆಳಗೆ ಮಲಗದಿದ್ದರೆ ನಾನು ಆ ಪುಸ್ತಕ ಬಿಚ್ಚುತ್ತಿರಲಿಲ್ಲ.

ಸದ್ದಿಲ್ಲದ್ದು ಕಾರೇ ಅಲ್ಲ ಅನ್ನೋ ನಿನ್ನ ಮಾತಿಗೆ ಬರುತ್ತೇನೆ. ಕಾರು ಮೊದಲ ಸಲ ಗಂಟೆಗೆ 100 ಕಿಲೋಮೀಟರ್ ದಾಟಿದ್ದು 1899ರ ಏಪ್ರಿಲ್‌ನಲ್ಲಿ, ಪ್ಯಾರಿಸ್ ಹತ್ತಿರ. ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಅನ್ನೋನು ಓಡಿಸಿದ. ಅದು ಬ್ಯಾಟರಿ ಗಾಡಿ. ಪೆಟ್ರೋಲ್ ಗಾಡಿಗಳು ಆ ವೇಗ ಮುಟ್ಟಿದ್ದು ಆಮೇಲೆ. ನಿನ್ನ ಮೊಬೈಲಿನ ವಾಲ್‌ಪೇಪರಿನಲ್ಲಿ ಪೋರ್ಷೆ 911 ಇದೆಯಲ್ಲ, ಆ ಹೆಸರಿನ ಹಿರಿಯ ಫರ್ಡಿನಾಂಡ್ ಪೋರ್ಷೆ 1900ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಕಳಿಸಿದ್ದೂ ಚಕ್ರದಲ್ಲೇ ಮೋಟರ್ ಇದ್ದ ಕರೆಂಟಿನ ಗಾಡಿ. ಇನ್ನೊಂದು. 911ರ ಎಂಜಿನ್ ಮೊದಲಿಂದ ಗಾಳಿಯಲ್ಲೇ ತಣ್ಣಗಾಗುತ್ತಿತ್ತು. 1990ರ ದಶಕದ ಕೊನೆಗೆ ಅದಕ್ಕೆ ನೀರು, ರೇಡಿಯೇಟರ್ ಬಂತು. ಹಳಬರು ಗೋಳಾಡಿದರು, ಇನ್ನು ಇದು 911 ಅಲ್ಲ ಅಂದರು. ನಿನ್ನ ವಾಲ್‌ಪೇಪರಿನಲ್ಲಿರೋದು ನೀರಿನ ಎಂಜಿನ್ನೇ. ಯಾರೂ ನಿನಗೆ ಅದು ಮಿಕ್ಸರ್ ಅನ್ನಲಿಲ್ಲ.

ಹಾಗಂತ ಕರೆಂಟಿನ ಕಾರೇ ಮೇಲು ಅಂತ ನಾನು ಹೇಳುತ್ತಿಲ್ಲ. ಸದ್ದು ಹೋದರೆ ನನಗೂ ಬೇಜಾರೇ. ಅದಕ್ಕಿಂತ ಜಾಸ್ತಿ ಬೇಜಾರು ತೂಕದ್ದು. ಆ ಸ್ಪಿಟ್‌ಫೈರ್ ಸುಮಾರು 700 ಕೆಜಿ ಇತ್ತು. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಕೂಡ ಒಂದು ಟನ್ ಒಳಗೇ ಇತ್ತು. ಪುಟ್ಟಿಯ ಸೈಬರ್‌ಸ್ಟರ್ ಸುಮಾರು ಎರಡು ಟನ್. 510 ಪಿಎಸ್ ಇದೆ, 3.2 ಸೆಕೆಂಡಿನಲ್ಲಿ ನೂರು ಮುಟ್ಟುತ್ತೆ, ಸರಿ. ಆದರೆ ಸಣ್ಣ ಹಗುರ ಕಾರಿನಲ್ಲಿ ರಸ್ತೆ ಕೈಗೆ ತಿಳಿಯುತ್ತಲ್ಲ, ಅದು ಎರಡು ಟನ್‌ನಲ್ಲಿ ಬರೋದು ಕಷ್ಟ. ಇದನ್ನು ನೀನು ಅವಳಿಗೆ ಹೇಳು. ಮಿಕ್ಸರ್ ಅಂದರೆ ಮಾತು ಅಲ್ಲಿಗೆ ಮುಗೀತು. "ಇಷ್ಟು ಭಾರ ಯಾಕೆ ಇದೆ ಪುಟ್ಟಿ?" ಅಂದರೆ ಅವಳು ಹುಡುಕಿ ತಂದು ಹೇಳುತ್ತಾಳೆ, ಬ್ಯಾಟರಿಯೇ 77 ಕಿಲೋವ್ಯಾಟ್ ಅವರ್‌ನದು ಅಂತ. ಆಮೇಲೆ ಅವಳೇ ನಿನ್ನ ಗಾಡಿ ಎಷ್ಟು ತೂಕ ಅಂತ ಕೇಳುತ್ತಾಳೆ. ಕೇಳಿಯೇ ಕೇಳುತ್ತಾಳೆ.

ಎಂಜಿ ಅನ್ನೋ ಎಂಟು ಮೂಲೆಯ ಬಿಲ್ಲೆಯೂ ಇವತ್ತಿನದಲ್ಲ. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಿನಲ್ಲಿ 1920ರ ದಶಕದಲ್ಲಿ ಹುಟ್ಟಿದ್ದು. ಅವರ ಎಂಜಿಬಿ ಅನ್ನೋ ಸ್ಪೋರ್ಟ್ಸ್ ಕಾರು 1962ರಿಂದ 1980ರವರೆಗೆ ನಡೀತು, 5 ಲಕ್ಷಕ್ಕೂ ಜಾಸ್ತಿ ಆದವು. ಈಗ ಆ ಹೆಸರು ಚೀನಾದ ಕಂಪನಿಯ ಕೈಯಲ್ಲಿದೆ. ಅದರ ಬಗ್ಗೆ ಬೇಕಾದರೆ ಜಗಳಾಡಿ. ಆದರೆ ನಮ್ಮಪ್ಪನ ಪುಸ್ತಕದಲ್ಲಿ ಎಂಜಿಬಿ ಇದೆ, ಪುಟ್ಟಿಯ ಮೊಬೈಲಿನಲ್ಲಿ ಸೈಬರ್‌ಸ್ಟರ್ ಇದೆ. ಎರಡನ್ನೂ ಪಕ್ಕದಲ್ಲಿಟ್ಟು ತೋರಿಸೋಕೆ ನಿನಗಿಂತ ಬೇರೆ ಯಾರಿದ್ದಾರೆ?

ಈಗ ಓಡಿಸೋ ವಿಷಯ. ಮೂರು ಕಾಲದ ಕಾರುಗಳಿಗೂ ಹೊಂದೋ ಒಂದು ಪಾಠ ಇದೆ. ತಿರುವಿನ ನಡುವೆ ಗಾಬರಿಯಾಗಿ ಆಕ್ಸಲರೇಟರಿನಿಂದ ಕಾಲು ತೆಗೆಯಬಾರದು.

ಹೆರಾಲ್ಡಿನ ಹಿಂದಿನ ಚಕ್ರಗಳು ಒಂದೊಂದೂ ತನ್ನಷ್ಟಕ್ಕೆ ಏಳುತ್ತವೆ, ಇಳಿಯುತ್ತವೆ. ಆ ಕಾಲಕ್ಕೆ ಅದು ದೊಡ್ಡ ಮಾತು. ಆದರೆ ಆಕ್ಸಲ್ ಎರಡೂ ಚಕ್ರಗಳ ನಡುವೆ ಇರೋ ಡಿಫರೆನ್ಷಿಯಲ್ ಹತ್ತಿರ ಮಾತ್ರ ಮಡಚುತ್ತೆ, ಚಕ್ರದ ಹತ್ತಿರ ಮಡಚೋದಿಲ್ಲ. ತಿರುವಿಗೆ ಜೋರಾಗಿ ಹೋಗಿ ನಡುವೆ ಆಕ್ಸಲರೇಟರ್ ಬಿಟ್ಟರೆ ಭಾರವೆಲ್ಲ ಮುಂದಕ್ಕೆ ಬರುತ್ತೆ. ಹಿಂದಿನ ಮೈ ಮೇಲೇಳುತ್ತೆ. ಹೊರಗಿನ ಚಕ್ರ ಒಳಕ್ಕೆ ಮಡಚಿ ಅಂಚಿನ ಮೇಲೆ ನಿಲ್ಲುತ್ತೆ, ಹಿಂಭಾಗ ಹೊರಕ್ಕೆ ಜಾರುತ್ತೆ. ಸ್ಪಿಟ್‌ಫೈರಿಗೂ ಇದೇ ಕಾಯಿಲೆ ಬಂತು. ಹಳೇ 911ದಲ್ಲಿ ಕಾರಣ ಬೇರೆ, ಎಂಜಿನ್ ಹಿಂದಿನ ಆಕ್ಸಲ್‌ಗಿಂತ ಹಿಂದೆ ನೇತಾಡುತ್ತೆ. ಕೊನೆಗೆ ಆಗೋದು ಒಂದೇ, ಬಾಲ ಮುಂದೆ ಬರುತ್ತೆ. ನಿನ್ನ ಎನ್ ಲೈನ್‌ನಲ್ಲಿ ಕಾಲು ತೆಗೆದರೆ ಮೂತಿ ಒಳಕ್ಕೆ ಎಳೆಯುತ್ತೆ, ಅದು ನಿನಗೆ ಗೊತ್ತು. ಕರೆಂಟಿನ ಕಾರಿನಲ್ಲಿ ಕಾಲು ತೆಗೆದ ಕೂಡಲೇ ಮೋಟರೇ ಬ್ರೇಕ್ ಹಾಕಿ ಬ್ಯಾಟರಿ ತುಂಬಿಸೋಕೆ ಶುರು ಮಾಡುತ್ತೆ. ಅಂದರೆ ಅಲ್ಲೂ ಭಾರ ಮುಂದಕ್ಕೆ ಬರುತ್ತೆ. ಕಂಪ್ಯೂಟರ್ ಹಿಡಿದು ನಿಲ್ಲಿಸುತ್ತೆ ಅನ್ನೋದೊಂದೇ ಫರಕು. ಸ್ಟೇರಿಂಗ್ ತಿರುಗಿಸೋ ಮೊದಲೇ ವೇಗ ಇಳಿಸು, ತಿರುವಿನಲ್ಲಿ ಕಾಲು ಸಮ ಇಡು, ರಸ್ತೆ ನೆಟ್ಟಗಾದಮೇಲೆ ಒತ್ತು. ನಮ್ಮಪ್ಪ ನನಗೆ ಹೇಳಿದ್ದು ಇದೇ, ಪುಟ್ಟಿ ಲೈಸೆನ್ಸ್ ತೊಗೊಂಡಾಗ ಯಾವ ಗಾಡಿ ಇರುತ್ತೋ ಅದಕ್ಕೂ ಇದೇ. ನೀನು ಹಳೇ ಕಾರು, ಹೊಸ ಕಾರು ಅಂತ ಪಾಲು ಮಾಡೋಕೆ ಹೋಗಬೇಡ. ಈ ಒಂದು ಪಾಠ ಸಾಕು, ಮೂರನ್ನೂ ಒಂದೇ ಕಡೆ ಕೂಡಿಸುತ್ತೆ.

ಲೈಸೆನ್ಸ್ ಇನ್ನೂ ದೂರ ಇದೆ. ಅವಳು ಈಗ ಆರನೇ ಕ್ಲಾಸು. ಓಡಿಸೋಕೆ ಕಲಿಸೋ ಮಾತು ಬಿಡು. ಕಾಲೇಜು ಗ್ರೌಂಡಿನಲ್ಲಿ ಸುಮ್ನೆ ಒಂದು ರೌಂಡ್ ಅಂತಲೂ ಬೇಡ. ಈಗ ಅವಳ ಕೈಗೆ ಸ್ಟೇರಿಂಗ್ ಅಲ್ಲ, ಸ್ಪ್ಯಾನರ್ ಕೊಡು. ಅದಕ್ಕೆ ಹೆರಾಲ್ಡಿನಂಥ ಗಾಡಿ ಇನ್ನೊಂದಿಲ್ಲ. ಬಾನೆಟ್ ಅಷ್ಟೇ ಅಲ್ಲ, ಎರಡೂ ಕಡೆಯ ಮಡ್‌ಗಾರ್ಡ್ ಸಮೇತ ಮೂತಿ ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುತ್ತೆ. ಮುಂದಿನ ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ನಾನು ಹಾಗೇ ಕೂತು ಕಲಿತದ್ದು. ನೀನೂ ಕೂತಿದ್ದೀಯ, ಚಡ್ಡಿಗೆಲ್ಲ ಗ್ರೀಸ್ ಮಾಡಿಕೊಂಡು ನಿಮ್ಮವ್ವನ ಹತ್ತಿರ ಬೈಸಿಕೊಂಡಿದ್ದೀಯ.

ಮೊದಲ ಕೆಲಸ ಪಾಯಿಂಟ್ ಸೆಟ್ ಮಾಡೋದು ಇರಲಿ, ಅಂದರೆ ಪ್ಲಗ್ಗಿಗೆ ಕಿಡಿ ಹೋಗೋ ಹಾಗೆ ಮಾಡೋ ಸಣ್ಣ ಸ್ವಿಚ್ಚಿನ ಸಂದು ಸರಿ ಮಾಡೋದು. ಡಿಸ್ಟ್ರಿಬ್ಯೂಟರ್ ಕ್ಯಾಪ್‌ನ ಎರಡು ಕ್ಲಿಪ್ ಬಿಚ್ಚಲಿ, ರೋಟರ್ ಮೇಲಕ್ಕೆ ಎಳೆದು ತೆಗೆಯಲಿ. ಗಾಡಿ ಟಾಪ್ ಗೇರಿಗೆ ಹಾಕಿ ನೀನು ಹಿಂದಿನಿಂದ ಮೆಲ್ಲಗೆ ತಳ್ಳು, ಕ್ಯಾಮಿನ ಉಬ್ಬು ಪಾಯಿಂಟನ್ನು ಪೂರ್ತಿ ತೆರೆದಾಗ ಅವಳು ನಿಲ್ಲು ಅನ್ನಲಿ. ನಿಲ್ಲಿಸೋದು ಅವಳ ಹುಕುಂ, ನಿನ್ನದಲ್ಲ. ಆ ಸಂದು 15 ಥೌ (ಇಂಚಿನ ಸಾವಿರ ಭಾಗದಲ್ಲಿ ಹದಿನೈದು) ಇರಬೇಕು, ಈಗಿನ ಅಳತೆಯಲ್ಲಿ 0.38 ಮಿಲಿಮೀಟರ್. ಸಂದು ಅಳೆಯೋ ತೆಳು ಉಕ್ಕಿನ ಎಲೆಗಳ ಫೀಲರ್ ಗೇಜ್ ನನ್ನ ಡಬ್ಬಿಯಲ್ಲಿದೆ. ಎಲೆ ಸಂದಿನಲ್ಲಿ ಹೋಗುವಾಗ ಸ್ವಲ್ಪ ಹಿಡಿಯಬೇಕು, ಸಿಕ್ಕಿಕೊಳ್ಳಬಾರದು. ಆ ಹಿಡಿತ ಎಷ್ಟು ಅಂತ ಬಾಯಲ್ಲಿ ಹೇಳೋಕೆ ಬರೋದಿಲ್ಲ, ಬೆರಳಿಗೆ ತಿಳೀಬೇಕು. ಸ್ಕ್ರೂ ಬಿಗಿ ಮಾಡುವಾಗ ಸಂದು ಮತ್ತೆ ಕದಲುತ್ತೆ. ಅವಳಿಗೆ ಸಿಟ್ಟು ಬರುತ್ತೆ. ಬರಲಿ. ನೀನು ಅವಳ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು "ಹಿಂಗೆ ಮಾಡ್ಬೇಕು" ಅಂದೆಯೋ, ಅವತ್ತಿಗೆ ಅವಳ ಪಾಲಿಗೆ ಹೆರಾಲ್ಡ್ ಮುಗೀತು. ಮಧ್ಯಾಹ್ನ ಪೂರ್ತಿ ಹೋಗಲಿ. ಆಮೇಲೆ ಅವಳೇ ಕೀ ತಿರುಗಿಸಲಿ, ಗಾಡಿ ನ್ಯೂಟ್ರಲ್‌ನಲ್ಲಿದೆಯಾ ಅಂತ ಮಾತ್ರ ನೀನು ನೋಡು. ಶುರುವಾದ ಕೂಡಲೇ ಸದ್ದಿನ ಬಗ್ಗೆ ಭಾಷಣ ಮಾಡಬೇಡ. ಅವಳಿಗೆ ಕಿವಿ ಇದೆ.

ಬೇಸಿಗೆಯಲ್ಲಿ ಬಂದರೆ ಇನ್ನೊಂದು ತೋರಿಸಬಹುದು. ಇಲ್ಲಿ 43, 44 ಡಿಗ್ರಿ ಬಿಸಿಲಿಗೆ, ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡೋ ಪಂಪಿನಲ್ಲೇ ಅದು ಆವಿಯಾಗಿ ಹೆರಾಲ್ಡಿನಂಥ ಗಾಡಿ ನಡುದಾರಿಯಲ್ಲಿ ನಿಲ್ಲುತ್ತೆ. ಇಲ್ಲಿ ಹಳೇ ಗಾಡಿಯವರೆಲ್ಲ ಆ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿಕೊಂಡೇ ಓಡಾಡಿದವರು. ಇದನ್ನು ಹೇಳಿ, "ನಿನ್ನ ಕಾರಿನ ಬ್ಯಾಟರಿ ಬಿಸಿಲಿಗೆ ಏನಾಗುತ್ತೆ?" ಅಂತ ಅವಳನ್ನೇ ಕೇಳು. ಅದಕ್ಕೂ ನೀರು ಸುತ್ತಿಸಿ ತಣ್ಣಗೆ ಇಡಬೇಕಾಗುತ್ತೆ.

ರಸ್ತೆ ಮೇಲೆ ಮಾತ್ರ ಅವಳ ಮುಂದೆ ಶೌರ್ಯ ತೋರಿಸಬೇಡ. ಹೋದ ಸಲ ಹುಮನಾಬಾದ್ ಕಡೆಯಿಂದ ಬರುವಾಗ ಕಮಲಾಪುರ ದಾಟಿದಮೇಲೆ ನೀನು ಎಷ್ಟರಲ್ಲಿದ್ದೆ ಅಂತ ಅವಳೇ ನನಗೆ ಹೆಮ್ಮೆಯಿಂದ ಹೇಳಿದಳು. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿ ನಿಲ್ಲೋ ದೂರ ನಾಲ್ಕು ಪಟ್ಟಾಗುತ್ತೆ. ಇದನ್ನು ನಾನು ಬೋರ್ಡ್ ಮೇಲೆ ಬರೆದು ಬರೆದು ಸವೆದವನು, ನಿನಗೂ ಗೊತ್ತು. ನಮ್ಮ ಕಡೆ ಸಂಜೆಯಾದರೆ ಹಿಂದೆ ದೀಪ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ನಡುರಸ್ತೆಯಲ್ಲಿರುತ್ತೆ. ಬಣ್ಣ ಇಲ್ಲದ ಹಂಪ್ ಇರುತ್ತೆ. ಎಮ್ಮೆಗೆ ಟರ್ಬೋ ಗೊತ್ತಿಲ್ಲ. ಸೈಲೆನ್ಸರ್ ಬದಲಿಸಿ ಊರೆಲ್ಲ ಎಬ್ಬಿಸೋ ಹುಡುಗರ ಸಾಲಿಗೂ ಸೇರಬೇಡ. ಕಾನೂನಿಗೂ ವಿರುದ್ಧ, ಕಿವಿಗೂ ವಿರುದ್ಧ.

ವೇಗ ನೋಡಬೇಕು ಅಂದರೆ ಟ್ರ್ಯಾಕಿಗೆ ಕರೆದುಕೊಂಡು ಹೋಗು. ನಮ್ಮಪ್ಪನಿಗೆ ಅದೊಂದು ಸಿಕ್ಕಿತ್ತು. ಬೊಂಬಾಯಿ-ಮದ್ರಾಸ್ ಲೈನು ನಮ್ಮೂರ ಮೇಲೇ ಹೋಗುತ್ತೆ. ಇಲ್ಲಿ ಹತ್ತಿದರೆ ವಾಡಿ, ರಾಯಚೂರು ದಾಟಿ ಸೀದಾ ಮದ್ರಾಸು. ಹೆರಾಲ್ಡಿನ ಸ್ಪೇರ್ ತರೋ ನೆವ ಮಾಡಿಕೊಂಡು ಹೋಗಿ ಶೋಲಾವರಂನಲ್ಲಿ ರೇಸ್ ನೋಡಿ ಬರುತ್ತಿದ್ದ. ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿ ಅದು. ಅದರ ಮೇಲೇ ರೇಸು. ಫಿಯೆಟ್ಟು, ಹೆರಾಲ್ಡು, ರಾಜರ ಮನೆಯ ಜಾಗ್ವಾರು ಎಲ್ಲ ಓಡುತ್ತಿದ್ದವು. ನಾವು ಪ್ಯಾಸೆಂಜರ್ ಕೂಡಿಸಿಕೊಂಡು ಆಳಂದಕ್ಕೆ ಹೋಗೋ ಫಿಯೆಟ್ಟೇ ಅಲ್ಲಿ ರೇಸಿನಲ್ಲಿರುತ್ತೆ ಅಂತ ಅವನು ಬಂದು ಹೇಳಿದಾಗ ನಾವು ನಂಬಿರಲಿಲ್ಲ. ಈಗ ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ 1990ರಿಂದ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ. ಬೆಂಗಳೂರಿನಿಂದ ಎಷ್ಟು ಹೊತ್ತಿನ ದಾರಿ? ಹಳೇ ಕಾರು ನೋಡಬೇಕು ಅಂದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ ಇದೆ, ದೇವರ ದರ್ಶನವೂ ಆಗುತ್ತೆ, ನಿಮ್ಮವ್ವನೂ ಬೇಡ ಅನ್ನೋದಿಲ್ಲ.

ಹುಡುಗಿಗೆ ಕಾರು ಯಾಕೆ ಅಂತ ನಮ್ಮ ಮಂದಿಯಲ್ಲಿ ಅನ್ನೋರು ಇದ್ದಾರೆ. ನೀನು ಅನ್ನೋದಿಲ್ಲ, ಆದರೆ ಅಂದಾಗ ಸುಮ್ಮನಿರುತ್ತೀ. ಸುಮ್ಮನಿರಬೇಡ. 1981ರಲ್ಲಿ ಮಿಷೆಲ್ ಮೂಟೊನ್ ಆಡಿ ಕ್ವಾಟ್ರೊ ಓಡಿಸಿ ಇಟಲಿಯ ಸಾನ್ ರೆಮೊದಲ್ಲಿ ವಿಶ್ವ ರ‍್ಯಾಲಿ ಗೆದ್ದಳು. ಗಂಡಸರೆಲ್ಲ ಹಿಂದೆ ಉಳಿದರು. ಅಷ್ಟು ದೂರ ಯಾಕೆ, ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಬೈಕಿನ ಬಾಹಾ ರ‍್ಯಾಲಿಯಲ್ಲಿ ಹೆಣ್ಣುಮಕ್ಕಳ ವಿಶ್ವಕಪ್ಪನ್ನೇ ತಂದಳು. ನಿನ್ನ ಪೆಟ್ರೋಲು, ಬ್ಯಾಟರಿ ಜಗಳಕ್ಕೂ ಒಂದು ಮನೆತನದ ಉದಾಹರಣೆ ಇದೆ. ಮೊನಾಕೊದಲ್ಲಿ 2025ರಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ರೇಸ್ ಗೆದ್ದ ಕುಶ್ ಮೈನಿ ಗೊತ್ತಲ್ಲ? ನಮ್ಮ ದೇಶದ ಮೊದಲ ಕರೆಂಟಿನ ಕಾರುಗಳಲ್ಲಿ ಒಂದಾದ ರೇವಾ ಬಂದದ್ದೂ ಅದೇ ಮನೆತನದಿಂದ. ಒಂದೇ ಮನೆಯಲ್ಲಿ ಪೆಟ್ರೋಲೂ ಇದೆ, ಬ್ಯಾಟರಿಯೂ ಇದೆ. ಯಾರೂ ಯಾರನ್ನೂ ಹೊರಗೆ ಹಾಕಿಲ್ಲ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಸಾಲ ಮಾಡಿ ಹಳೇ ಸ್ಪೋರ್ಟ್ಸ್ ಕಾರು ತರೋ ಯೋಚನೆ ಇದೆ ಅಂದೆ. ಬೇಡ. ಕೊಳ್ಳೋ ದುಡ್ಡು ದೊಡ್ಡದಲ್ಲ, ಇಟ್ಟುಕೊಳ್ಳೋದು ದೊಡ್ಡದು. ಪೇಂಟಿನ ಕೆಳಗೆ ಚಾಸಿ ತುಕ್ಕು ಹಿಡಿದಿದ್ದರೆ ಯಾವ ಮೆಕ್ಯಾನಿಕ್ಕೂ ಮೊದಲೇ ಹೇಳೋದಿಲ್ಲ. ಮ್ಯಾಗ್ನೆಟ್ ಇಟ್ಟು ನೋಡು, ತುಕ್ಕು ಮುಚ್ಚೋಕೆ ಲಪ್ಪ (ಮೆತ್ತೋ ಪೇಸ್ಟು) ಹಚ್ಚಿದ ಕಡೆ ಹಿಡಿಯೋದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2316 ಅಂದರೆ 2016ರ 23ನೇ ವಾರದ್ದು. ಎಷ್ಟೇ ಹೊಸದಾಗಿ ಕಂಡರೂ ಅಂಥ ಟೈರಿನ ಮೇಲೆ ಮಗಳನ್ನು ಕೂಡಿಸಬೇಡ.

ಹೆರಾಲ್ಡನ್ನು ವಿಂಟೇಜ್ ಅಂತ ಮಾಡಿಸಿಬಿಡು ಮಾಮಾ ಅಂದಿದ್ದೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿದರೆ ವಿಂಟೇಜ್ ಅಂತ ನೋಂದಣಿ ಮಾಡಿಕೊಡುತ್ತಾರೆ, ಹತ್ತು ವರ್ಷಕ್ಕೆ. ಆದರೆ ಹಾಗೆ ನೋಂದಣಿಯಾದ ಗಾಡಿಯನ್ನು ದಿನಾ ಓಡಿಸೋ ಹಾಗಿಲ್ಲ, ಮೇಳ, ಪ್ರದರ್ಶನ, ರಿಪೇರಿ ಇಂಥದಕ್ಕೆ ಮಾತ್ರ. ನನಗೆ ಅದು ಬೇಡ. ನಾನು ಫಿಟ್‌ನೆಸ್ ಮಾಡಿಸಿಕೊಂಡು ಹಳೇ ನೋಂದಣಿಯಲ್ಲೇ ನಡೆಸುತ್ತೇನೆ. ತರಕಾರಿ ತರೋಕೆ ಹೋಗಬೇಕು, ಬುದ್ಧ ವಿಹಾರದ ಕಡೆ ಸಂಜೆ ಒಂದು ಸುತ್ತು ಹೋಗಬೇಕು. ನಾನು ಹೋದಮೇಲೆ ಯಾರಿಗೆ ಬರಬೇಕು ಅಂತ ಬರೆದಿಡೋ ವಿಚಾರವೂ ಇಲ್ಲ. ಬೇಕಾದವರು ಈಗಲೇ ಬಂದು ಕೈ ಹೊಲಸು ಮಾಡಿಕೊಳ್ಳಲಿ.

ಹೋಳಿ ಆದಮೇಲೆ ಶರಣಬಸವೇಶ್ವರ ಜಾತ್ರೆ. ಆಗ ಮೂವರೂ ಬನ್ನಿ. ಬರುವಾಗ ಜೆ.ಸಿ. ರಸ್ತೆಯಲ್ಲಿ ಪೆಟ್ರೋಲ್ ಪೈಪ್ ಒಂದು ಮೀಟರ್ ತೊಗೊಂಡು ಬಾ. ಈಗ ಬಂಕಿನಲ್ಲಿ ಬರೋ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಇರುತ್ತೆ, ಹಳೇ ರಬ್ಬರ್ ಮೆತ್ತಗಾಗಿ ಬಿರಿಯುತ್ತಿದೆ. ಎಥನಾಲ್ ತಡೆಯೋ ಪೈಪೇ ಬೇಕು ಅಂತ ಒತ್ತಿ ಹೇಳು, ಬರೀ ಪೆಟ್ರೋಲ್ ಪೈಪ್ ಅಂದರೆ ಹಳೇದನ್ನೇ ಕೊಡುತ್ತಾರೆ. ಸಿಕ್ಕರೆ ಒಂದು ಕಾಂಟ್ಯಾಕ್ಟ್ ಸೆಟ್ಟೂ, ಅಂದರೆ ಆ ಪಾಯಿಂಟೂ, ತಾ. ಪುಟ್ಟಿಗೆ ಹೇಳು, ಕಾಲು ತೆಗೆದಾಗ ಮೋಟರ್ ಹೇಗೆ ಬ್ಯಾಟರಿ ತುಂಬಿಸುತ್ತೆ ಅಂತ ನಾನು ಫೋನಿನಲ್ಲಿ ಕೇಳಿದ್ದಕ್ಕೆ ಅವಳು ಚಿತ್ರ ಬರೆದು ಕಳಿಸ್ತೀನಿ ಅಂದಿದ್ದಳು. ಇನ್ನೂ ಬಂದಿಲ್ಲ. ಕಲಬುರಗಿಯ ಈ ಮುತ್ಯಾ ಕಾಯ್ತಿದ್ದಾನೆ ಅನ್ನು.

ಇಂತಿ
ನಿನ್ನ ಮಾಮಾ